ಮೋಟಾರಿನ ಎಂಜಿನ್ನೂ ಅಚ್ಚಿನ ಅಂಕೆಗಳೂ

ಮೋಟಾರು ಕೊಳ್ಳುವ ಮಾತು ಒಂದು ಕಾಲಕ್ಕೆ ಅರಮನೆಗೂ ಗಣಿಯ ಧಣಿಗಳ ಮನೆಗೂ ಮೀಸಲಾಗಿದ್ದಿತು. ಈಗ ಅದು ನಮ್ಮ ಚೋರನೂರಿನಂತಹ ಹೋಬಳಿಯ ಊರಿನಲ್ಲಿಯೂ ಜಗಲಿಯ ಮಾತಾಗಿದೆ. ಮಗಳ ಮದುವೆ, ಮಗನ ಕಾಲೇಜು, ಹೊಲದಲ್ಲೊಂದು ಕೊಳವೆಬಾವಿ ಎಂಬ ಗೃಹಸ್ಥನ ಚಿಂತೆಗಳ ಸಾಲಿನಲ್ಲಿ ಮೋಟಾರೂ ಬಂದು ಕುಳಿತಿದೆ. ಇದಕ್ಕಾಗಿ ನಾವು ವಿಷಾದಪಡುವವರಲ್ಲ. ಆದರೆ ಒಂದು ಎತ್ತನ್ನು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ಪರೀಕ್ಷಿಸುವ ನಮ್ಮ ರೈತರು ಎಂಟು ಹತ್ತು ಲಕ್ಷ ರೂಪಾಯಿಯ ಮೋಟಾರನ್ನು ಬಣ್ಣ ನೋಡಿ ಒಪ್ಪಿ ಬರುವುದನ್ನು ಕಂಡಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ತಯಾರಕರು ಕೊಡುವ ವಿವರಪತ್ರಿಕೆಯ ಕೊನೆಯ ಪುಟದಲ್ಲಿ ಇರುವೆಯ ಸಾಲಿನಂತಹ ಅಕ್ಷರಗಳ ಒಂದು ಕೋಷ್ಟಕವಿರುತ್ತದೆ. ಹಲ್ಲೂ ಸುಳಿಯೂ ಇರುವುದು ಅಲ್ಲಿ. ಅದನ್ನು ಓದುವವರು ವಿರಳ. ಓದಿದವರಲ್ಲಿ, ಅದು ತಪ್ಪಿರಬಹುದೆಂದು ಸಂಶಯಪಡುವವರು ಇನ್ನೂ ವಿರಳ.

ವಾಚಕರು ಕೇಳಬಹುದು: ಮೂವತ್ತು ವರ್ಷಕ್ಕೂ ಮೀರಿ ಮಕ್ಕಳಿಂದ ರಾಮಶಬ್ದವನ್ನು ಒಪ್ಪಿಸಿಕೊಂಡ ಉಪಾಧ್ಯಾಯರಿಗೆ ಎಂಜಿನ್ನಿನ ಗೊಡವೆ ಏಕೆ? ಪ್ರಶ್ನೆ ನ್ಯಾಯವಾದುದೇ. ನಮಗೆ ಮೋಟಾರು ನಡೆಸಲು ಬಾರದು. ಈ ವಿಷಯಕ್ಕೆ ನಮ್ಮನ್ನು ಎಳೆದು ತಂದವನು ನಮ್ಮ ಹಳೆಯ ಶಿಷ್ಯನೊಬ್ಬ. ಆತ ಹನ್ನೆರಡು ವರ್ಷ ಇನ್ನೊಬ್ಬರ ಗಾಡಿಯನ್ನು ಸಂಡೂರಿಗೂ ಹೊಸಪೇಟೆಗೂ ಓಡಿಸಿ ಬೇಸತ್ತು, ಸ್ವಂತದ್ದೊಂದನ್ನು ಮಾಡಿಕೊಳ್ಳಲು ನಿಶ್ಚಯಿಸಿದ್ದನು. ಹೆಂಡತಿಯ ಎರಡೆಳೆಯ ಸರವು ಸೊಸೈಟಿಯಲ್ಲಿ ಅಡವಾಗಿದ್ದಿತು. ಉಳಿದುದಕ್ಕೆ ಬ್ಯಾಂಕಿನ ಸಾಲ ಗೊತ್ತಾಗಿದ್ದಿತು. ಏಳು ಮಂದಿ ಕೂರುವ ಹೊಸ ಗಾಡಿಗೆ ಇಪ್ಪತ್ತೈದು ಸಾವಿರ ರೂಪಾಯಿ ಮುಂಗಡವನ್ನೂ ಕೊಟ್ಟಾಗಿದ್ದಿತು. ಅದಾದ ಮೇಲೆ ಒಂದು ಸಂಜೆ ಆ ಗಾಡಿಯ ವಿವರಪತ್ರಿಕೆಯನ್ನು ಹಿಡಿದು ನಮ್ಮ ಮನೆಗೆ ಬಂದನು.

“ಹಿಂದಿನ ಗಾಲಿ ತಳ್ಳತೈತೆ ಅಂತ ಬರದಾರೋ ಇಲ್ವೋ, ಅದೊಂದು ಓದಿ ಹೇಳ್ರಿ ಸಾರ್. ಮಿಕ್ಕಿದ್ದು ಹೆಂಗನ ಇರಲಿ” ಎಂದನು.

ಅವನ ಆತಂಕಕ್ಕೆ ಕಾರಣವಿದ್ದಿತು. ಹಂಪೆಗೆ ಬರುವ ಯಾತ್ರಿಕರನ್ನು ಕುಮಾರಸ್ವಾಮಿ ಬೆಟ್ಟಕ್ಕೂ ಕರೆದೊಯ್ಯುವುದು ಅವನ ಸಂಕಲ್ಪ. ಬೆಟ್ಟದ ದಾರಿ ಏರು. ಗಣಿಯ ಸೀಮೆಯ ಕೆಂಪು ಧೂಳು ಮಳೆ ಬಿದ್ದರೆ ಎಣ್ಣೆಯಂತೆ ಜಾರುವುದು. ಗಾಡಿಯಲ್ಲಿ ಏಳು ಮಂದಿ, ಹಿಂದೆ ಅವರ ಗಂಟುಮೂಟೆ. ಇಂತಹ ಗಾಡಿಯಲ್ಲಿ ಎಂಜಿನ್ನಿನ ಬಲ ಯಾವ ಗಾಲಿಗೆ ಮುಟ್ಟುತ್ತದೆ ಎಂಬುದು ಬಣ್ಣದಂತಹ ವಿಷಯವಲ್ಲ.

ಮೋಟಾರಿನ ಗುಣದೋಷಗಳಲ್ಲಿ ಹೆಚ್ಚಿನವು ಎರಡು ಪ್ರಶ್ನೆಗಳಿಂದ ಹುಟ್ಟುತ್ತವೆ: ಎಂಜಿನ್ನು ಎಲ್ಲಿದೆ, ಅದು ಯಾವ ಗಾಲಿಯನ್ನು ತಿರುಗಿಸುತ್ತದೆ. ಎತ್ತಿನ ಬಂಡಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. ಬಂಡಿಗೆ ಹೇರುವಾಗ ಭಾರವು ಮುಂದಕ್ಕೆ ಹೆಚ್ಚಾದರೆ ಮುಂಭಾರ, ಹಿಂದಕ್ಕೆ ಹೆಚ್ಚಾದರೆ ಹಿಂಭಾರ. ಸಮನೆಲದಲ್ಲಿ ಸರಿಯಾಗಿರುವ ಬಂಡಿಯೂ ದಿಬ್ಬ ಏರುವಾಗ ಹಿಂಭಾರವಾಗುತ್ತದೆ. ನೊಗವು ಎತ್ತುಗಳ ಹೆಗಲಿನಿಂದ ಮೇಲಕ್ಕೆದ್ದು ಎಳೆತವು ಕೆಡುತ್ತದೆ. ಆಗ ಬಂಡಿಯವನು ಮುಂದಕ್ಕೆ ಸರಿದು ಮೂಕಿಯ ಮೇಲೆ ಕೂರುತ್ತಾನೆ. ಮುಂದಿನ ಗಾಲಿಯಿಂದ ಎಳೆಯಲ್ಪಡುವ ಮೋಟಾರಿನ ಸಂಕಟವೂ ಇದೇ. ಏರಿನಲ್ಲಿ ಭಾರವು ಹಿಂದಕ್ಕೆ ಜರುಗಿ, ಎಳೆಯುವ ಗಾಲಿಯು ನೆಲವನ್ನು ಹಗುರವಾಗಿ ಮುಟ್ಟುತ್ತದೆ. ಹಿಂದಿನ ಗಾಲಿಯಿಂದ ತಳ್ಳಲ್ಪಡುವ ಮೋಟಾರಿಗಾದರೋ ಅದೇ ಭಾರವು ಸಹಾಯಕ್ಕೆ ಬರುತ್ತದೆ.

ಇದರಲ್ಲಿ ಅತ್ಯುಕ್ತಿಗೆ ಎಡೆಕೊಡಬಾರದು. ಎಂಟು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ, ಗುರುತ್ವಕೇಂದ್ರವು ನೆಲದಿಂದ ೬೫ ಸೆಂಟಿಮೀಟರು ಎತ್ತರದಲ್ಲಿಯೂ ಮುಂದಿನ ಹಿಂದಿನ ಗಾಲಿಗಳ ಅಂತರವು ೨೬೦ ಸೆಂಟಿಮೀಟರೂ ಇರುವ ಗಾಡಿಯಲ್ಲಿ, ಏರಿನ ದೆಸೆಯಿಂದ ಹಿಂದಕ್ಕೆ ಜರುಗುವ ಭಾರವು ಒಟ್ಟು ತೂಕದ ಮೂವತ್ತೆರಡನೆಯ ಒಂದು ಪಾಲು, ಎಂದರೆ ನೂರಕ್ಕೆ ಮೂರರಷ್ಟು. ಅದು ಅಲ್ಪವೇ. ಮುಂದಿನ ಗಾಲಿಯ ನೂರಾರು ಮೋಟಾರುಗಳು ಅದೇ ಬೆಟ್ಟವನ್ನು ಏರಿ ಇಳಿಯುತ್ತಲೇ ಇವೆ. ಕಡೆಯ ಸಾಲಿನಲ್ಲಿ ಮೂವರು ಕುಳಿತು, ಅವರ ಹಿಂದೆ ಗಂಟುಗಳು ಬಿದ್ದು, ನೆಲ ಒದ್ದೆಯಾಗಿ, ಏರಿನ ನಡುವೆ ಗಾಡಿಯನ್ನು ನಿಲ್ಲಿಸಿ ಮತ್ತೆ ಹೊರಡಿಸಬೇಕಾದಾಗ ಮಾತ್ರ ಭೇದವು ಗೊತ್ತಾಗುವುದು. ನಮ್ಮ ಶಿಷ್ಯನ ಜೀವನವು ನಡೆಯಬೇಕಾದುದು ಅಂತಹ ಹೊತ್ತುಗಳಲ್ಲಿಯೇ.

ಎಂಜಿನ್ನಿಗೆ ಸ್ಥಾನವನ್ನು ಹುಡುಕಿದ ಕಥೆ ಸ್ವಾರಸ್ಯವಾಗಿದೆ. ೧೮೮೬ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಎಂಬಾತನು ಹಕ್ಕುಪತ್ರ ಪಡೆದ ಮೂರು ಗಾಲಿಯ ಬಂಡಿಯಲ್ಲಿ ಎಂಜಿನ್ನು ಆಸನದ ಹಿಂದೆ ಇದ್ದಿತು. ೧೮೯೧ರಲ್ಲಿ ಫ್ರಾನ್ಸಿನ ಪನ್ಹಾರ್ ಮತ್ತು ಲೆವಾಸೋರ್ ಸಂಸ್ಥೆಯವರು ಅದನ್ನು ಮುಂದಕ್ಕೆ ತಂದು, ಬಲವನ್ನು ಹಿಂದಿನ ಗಾಲಿಗಳಿಗೆ ಮುಟ್ಟಿಸಿದರು. ಕುದುರೆ ಇದ್ದ ಜಾಗದಲ್ಲಿಯೇ ಎಂಜಿನ್ನು ಬಂದು ನಿಂತುದರಿಂದಲೋ ಏನೋ, ಲೋಕವು ಈ ಕ್ರಮವನ್ನು ಬೇಗ ಒಪ್ಪಿಕೊಂಡಿತು. ಅರ್ಧ ಶತಮಾನಕ್ಕೂ ಮೀರಿ ಇದೇ ರಾಜಮಾರ್ಗವಾಗಿದ್ದಿತು. ಎಂಜಿನ್ನು ಮುಂದೆ ಉದ್ದುದ್ದವಾಗಿ ಮಲಗಿರುವುದು. ಅದರ ಹಿಂದೆ ಗೇರುಪೆಟ್ಟಿಗೆ. ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟೆಂಬ ಉದ್ದನೆಯ ಉಕ್ಕಿನ ದಂಡವು ಗಾಡಿಯ ಹೊಟ್ಟೆಯ ಕೆಳಗೆ ಹಾದು ಹಿಂದಿನ ಅಚ್ಚನ್ನು ತಿರುಗಿಸುವುದು. ನಾವು ಬಾಲ್ಯದಲ್ಲಿ ಕಂಡ ಅಂಬಾಸಿಡರು ಹೀಗೆ, ಫಿಯಟ್ಟು ಹೀಗೆ, ೧೯೮೨ರಲ್ಲಿ ಬೆಂಗಳೂರಿನಲ್ಲಿಯೇ ಗಾಜಿನ ನಾರಿನ ಮೈಕಟ್ಟಿನಿಂದ ತಯಾರಾಗಿ, ನಮ್ಮವರ ನೆನಪಿನಿಂದ ಜಾರಿಹೋಗಿರುವ ಡಾಲ್ಫಿನ್ ಎಂಬ ಪುಟ್ಟ ಮೋಟಾರೂ ಹೀಗೆಯೇ. ಅಂಬಾಸಿಡರಿನ ಹಿಂದಿನ ಆಸನದಲ್ಲಿ ನಡುವೆ ಕುಳಿತವರ ಮೊಣಕಾಲು ಗದ್ದಕ್ಕೆ ಬರುತ್ತಿದ್ದುದು ಏಕೆಂದು ಬಲ್ಲಿರಾ? ಈ ದಂಡಕ್ಕೆ ದಾರಿಬಿಡಲು ನೆಲಹಾಸಿನ ನಡುವೆ ಎದ್ದಿದ್ದ ದಿಣ್ಣೆಯೇ ಅದಕ್ಕೆ ಕಾರಣ. ಆ ಸ್ಥಾನವು ಯಾವಾಗಲೂ ಮನೆಯ ಕಿರಿಯ ಮಗುವಿನ ಪಾಲಿಗೆ ಬರುತ್ತಿದ್ದಿತು. ನಾವೂ ಅದನ್ನು ಅನುಭವಿಸಿದ್ದೇವೆ.

೧೯೫೯ರಲ್ಲಿ ಇಂಗ್ಲೆಂಡಿನ ಅಲೆಕ್ ಇಸ್ಸಿಗೋನಿಸ್ ಎಂಬ ಶಿಲ್ಪಿಯು ಮಿನಿ ಎಂಬ ಚಿಕ್ಕ ಮೋಟಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ ಇಟ್ಟು, ಬಲವನ್ನು ಮುಂದಿನ ಗಾಲಿಗಳಿಗೇ ಕೊಟ್ಟನು. ಮುಂದಿನ ಗಾಲಿಯ ಚಾಲನೆ ಅವನಿಗೆ ಹೊಸದಲ್ಲ. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯವರು ೧೯೩೪ರಲ್ಲಿಯೇ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದಿದ್ದರು. ಆದರೆ ಎಂಜಿನ್ನನ್ನು ಅಡ್ಡಲಾಗಿಟ್ಟುದರಿಂದ ಎಷ್ಟು ಜಾಗ ಉಳಿಯುತ್ತದೆಂಬುದನ್ನು ಲೋಕವು ಮನಗಂಡುದು ಮಿನಿಯಿಂದ. ಉದ್ದನೆಯ ದಂಡವೂ ಇಲ್ಲ, ದಿಣ್ಣೆಯೂ ಇಲ್ಲ. ೧೯೮೩ರ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೆ ಬಂದ ಮಾರುತಿ ೮೦೦ ಈ ವಂಶದ್ದೇ. ಇಂದು ಮನೆಬಳಕೆಗೆ ಮಾರುವ ಸಣ್ಣ ಮೋಟಾರುಗಳಲ್ಲಿ ಬಹುಪಾಲು ಇದೇ ಕ್ರಮದವು. ಮನೆಯವರಿಗೆ ಇದು ಒಳ್ಳೆಯದೇ: ಒಳಗೆ ವಿಶಾಲ, ಮೈ ಹಗುರ. ಎಳೆಯುವ ಕೆಲಸವೂ ತಿರುಗುವ ಕೆಲಸವೂ ಮುಂದಿನ ಗಾಲಿಗಳ ಮೇಲೆಯೇ ಬೀಳುವುದರಿಂದ ಮುಂದಿನ ಟೈರುಗಳು ಬೇಗ ಸವೆಯುವುವು. ಐದು ಹತ್ತು ಸಾವಿರ ಮೈಲಿಗೊಮ್ಮೆ ಅವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿಕೊಂಡರಾಯಿತು.

ಎಂಜಿನ್ನು ಹಿಂದೆ ಇರುವ ಗಾಡಿಗಳೂ ನಮ್ಮ ಕಣ್ಣಮುಂದೆಯೇ ಓಡಾಡುತ್ತಿವೆ. ಬಜಾಜ್ ಸಂಸ್ಥೆಯವರು ಹಿಂದೆ ಎಂಜಿನ್ನುಳ್ಳ ಆಟೋರಿಕ್ಷಾವನ್ನು ೧೯೭೭ರಲ್ಲಿ ತಂದರು. ಆ ಗಾಡಿಯ ಮೇಲೆ ಬರೆದಿರುವ ‘ಆರ್ ಇ’ ಎಂಬ ಅಕ್ಷರಗಳ ಅರ್ಥವೇ ‘ಹಿಂದಿನ ಎಂಜಿನ್ನು’. ೨೦೦೯ರಲ್ಲಿ ಮಾರಾಟಕ್ಕೆ ಬಂದು ೨೦೧೮ರಲ್ಲಿ ನಿಂತುಹೋದ ಟಾಟಾ ನ್ಯಾನೋ ಮೋಟಾರಿನಲ್ಲಿಯೂ ಎಂಜಿನ್ನು ಹಿಂದೆಯೇ. ಹೊಸಕೋಟೆಯ ಕಾರ್ಖಾನೆಯಿಂದ ಬಂದ ವೋಲ್ವೋ ಬಸ್ಸುಗಳಲ್ಲಿ ಮುಂದೆ ಕುಳಿತವರಿಗೆ ಸದ್ದೇ ಕೇಳಿಸದಿರುವುದಕ್ಕೂ ಇದೇ ಕಾರಣ. ಹಳೆಯ ಕೆಂಪು ಬಸ್ಸಿನಲ್ಲಿ ಚಾಲಕನ ಪಕ್ಕದ ಎಂಜಿನ್ನಿನ ಮುಚ್ಚಳದ ಮೇಲೆ ಕುಳಿತು ಕಂಪ್ಲಿಯವರೆಗೆ ಹೋದವರಿಗೆ ಈ ಸುಖದ ಬೆಲೆ ತಿಳಿದಿದೆ. ಇನ್ನು ೧೯೮೪ರಿಂದ ೨೦೧೯ರವರೆಗೆ ತಯಾರಾದ ಮಾರುತಿ ಓಮ್ನಿಯಲ್ಲಿ ಎಂಜಿನ್ನು ಮುಂದಿನ ಆಸನಗಳ ಕೆಳಗಿದ್ದು, ಬಲವು ಹಿಂದಿನ ಗಾಲಿಗೆ ಹೋಗುತ್ತಿದ್ದಿತು. ಬೇಸಗೆಯಲ್ಲಿ ಅದರ ಮುಂದಿನ ಆಸನವು ದೋಸೆಯ ಹಂಚಿನ ಸಮೀಪಬಂಧುವೇ ಸರಿ.

(ಪುಷ್ಪಕವಿಮಾನದ ದೃಷ್ಟಾಂತವನ್ನು ಎತ್ತಿ, ಇವೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿದ್ದುವೆಂದು ಹೇಳುವ ಮಿತ್ರರು ನಮಗೂ ಇದ್ದಾರೆ. ಭೋಜರಾಜನ ಸಮರಾಂಗಣಸೂತ್ರಧಾರದಲ್ಲಿ ಯಂತ್ರಗಳ ಅಧ್ಯಾಯವಿರುವುದು ನಿಜ. ಅದನ್ನು ಓದಿ ಸಂತೋಷಪಡಬೇಕು. ಆದರೆ ಪೆಟ್ರೋಲಿನ ಎಂಜಿನ್ನನ್ನು ಅದರಲ್ಲಿ ಹುಡುಕುವುದು ಗ್ರಂಥಕ್ಕೂ ಗೌರವವಲ್ಲ, ಎಂಜಿನ್ನಿಗೂ ಅಲ್ಲ.)

ಅದಂತಿರಲಿ. ಶಿಷ್ಯನು ತಂದ ಪತ್ರಿಕೆಯನ್ನು ಬಿಡಿಸಿ ನೋಡಿದೆವು. ಇಂಗ್ಲಿಷಿನ ಕೋಷ್ಟಕದಲ್ಲಿ “ಎಂಜಿನ್ನು ಮುಂದೆ, ಉದ್ದುದ್ದವಾಗಿ, ಚಾಲನೆ ಹಿಂದಿನ ಗಾಲಿಗಳಿಗೆ” ಎಂಬ ಅರ್ಥದ ಸಾಲು ಸ್ಪಷ್ಟವಾಗಿಯೇ ಇದ್ದಿತು. ಆತನ ಮುಖ ಅರಳಿತು. ಆದರೆ ಅದರೊಂದಿಗೆ ಕನ್ನಡದಲ್ಲಿ ಅಚ್ಚಾದ ಇನ್ನೊಂದು ಹಾಳೆಯೂ ಇದ್ದಿತು. ಅದರಲ್ಲಿ “ಎಂಜಿನ್ನು ಹಿಮ್ಮುಖವಾಗಿ ಜೋಡಿಸಲ್ಪಟ್ಟಿದೆ” ಎಂದು ಬರೆದಿದ್ದರು. ಹಿಮ್ಮುಖವಾದ ಎಂಜಿನ್ನು ಎಂಬುದನ್ನು ನಾವು ಎಲ್ಲಿಯೂ ಕೇಳಿರಲಿಲ್ಲ. ಶಿಷ್ಯನೂ ಕೇಳಿರಲಿಲ್ಲ; ಸುಮ್ಮನೆ ನಕ್ಕುಬಿಟ್ಟನು.

ನಮಗೆ ನಗು ಬರಲಿಲ್ಲ. ತಾಳೆಯೋಲೆಯ ಪ್ರತಿಗಳನ್ನು ಹೋಲಿಸಿ ಓದುವವರಿಗೆ ಒಂದು ಅಭ್ಯಾಸವಿದೆ. ಅರ್ಥವಿಲ್ಲದ ಪಾಠ ಕಂಡಾಗ ಅದನ್ನು ಎಸೆಯುವುದಿಲ್ಲ. ಯಾವ ಸರಿಯಾದ ಪದವನ್ನು ಕಂಡು ಲಿಪಿಕಾರನು ಹೀಗೆ ತಪ್ಪಿರಬಹುದೆಂದು ಕೇಳುತ್ತಾರೆ. ಜಾಣನಾದ ಲಿಪಿಕಾರನು ತನಗೆ ತಿಳಿಯದುದನ್ನು ತಿದ್ದಿ ನುಣುಪು ಮಾಡಿಬಿಡುತ್ತಾನೆ. ಪೆದ್ದನಾದವನ ತಪ್ಪಿನಲ್ಲಿ ಮೂಲದ ಚೂರು ಉಳಿದಿರುತ್ತದೆ. ಹಿಮ್ಮುಖ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ರಿವರ್ಸ್’. ಎಂಜಿನ್ನನ್ನು ಅಡ್ಡಲಾಗಿಟ್ಟುದಕ್ಕೆ ಅವರು ಹೇಳುವ ಮಾತು ‘ಟ್ರಾನ್ಸ್‌ವರ್ಸ್’. ಕನ್ನಡಕ್ಕೆ ತಂದ ಮಹಾನುಭಾವನು ಒಂದನ್ನು ಇನ್ನೊಂದೆಂದು ಓದಿರಬೇಕು. ಹಾಗಿದ್ದರೆ ಅವನ ಮುಂದಿದ್ದ ಮೂಲದಲ್ಲಿ ‘ಅಡ್ಡಲಾಗಿ’ ಎಂದೇ ಇದ್ದಿರಬೇಕು. ಶಿಷ್ಯನ ಕೈಯಲ್ಲಿದ್ದ ಇಂಗ್ಲಿಷ್ ಕೋಷ್ಟಕದಲ್ಲಿದ್ದಂತೆ ‘ಉದ್ದುದ್ದವಾಗಿ’ ಎಂದಲ್ಲ. ಎಂಜಿನ್ನು ಅಡ್ಡಲಾಗಿದ್ದರೆ, ಇಂತಹ ಗಾಡಿಗಳಲ್ಲಿ ಬಲವು ಮುಂದಿನ ಗಾಲಿಗೆ ಹೋಗುವುದೇ ವಾಡಿಕೆ. ಒಂದೇ ಗಾಡಿಗೆ ಎರಡು ಮೂಲಗಳಿದ್ದುವೆಂದಾಯಿತು. ಒಂದು ಹಳೆಯದು, ಒಂದು ಹೊಸದು.

ಊಹೆಯಿಂದಲೇ ಒಬ್ಬನ ಸಾಲದ ವಿಷಯವನ್ನು ತೀರ್ಮಾನಿಸಲಾಗದು. ಆದಕಾರಣ ಅಂಕೆಗಳ ಕಡೆಗೆ ತಿರುಗಿದೆವು.

ಅಂಕೆಗಳಲ್ಲಿ ಎರಡು ಜಾತಿ. ಒಂಟಿಯಾಗಿ ನಿಂತ ಅಂಕೆ ಒಂದು ಜಾತಿ; ಅದನ್ನು ಮನೆಯಲ್ಲಿ ಕುಳಿತು ಪರೀಕ್ಷಿಸಲಾಗದು. ಒಂದಕ್ಕೊಂದು ಕಟ್ಟುಬಿದ್ದ ಅಂಕೆಗಳು ಇನ್ನೊಂದು ಜಾತಿ; ಇವುಗಳಲ್ಲಿ ಒಂದು ಸುಳ್ಳಾಡಿದರೆ ಮಿಕ್ಕವು ಸಾಕ್ಷಿ ಹೇಳುತ್ತವೆ. ನಮ್ಮ ಹಳೆಯ ಜ್ಯೋತಿಷಿಗಳಿಗೆ ಇದು ಚೆನ್ನಾಗಿ ಗೊತ್ತಿದ್ದಿತು. ಅವರು ಸಂಖ್ಯೆಗಳನ್ನು ಅಂಕೆಯಲ್ಲಿ ಬರೆಯದೆ ಪದಗಳಲ್ಲಿ ಹೇಳಿ ಶ್ಲೋಕಕ್ಕೆ ಅಳವಡಿಸುತ್ತಿದ್ದರು: ನೇತ್ರವೆಂದರೆ ಎರಡು, ವೇದವೆಂದರೆ ನಾಲ್ಕು, ಬಾಣವೆಂದರೆ ಐದು, ರಸವೆಂದರೆ ಆರು. ಪ್ರತಿಮಾಡುವವನು ನಿದ್ದೆಗಣ್ಣಿನಲ್ಲಿ ಬಾಣವಿದ್ದಲ್ಲಿ ರಸವೆಂದು ಬರೆದರೆ ಒಂದು ಮಾತ್ರೆ ಕಡಮೆಯಾಗಿ ಛಂದಸ್ಸು ಕುಂಟುವುದು. ತಪ್ಪು ತಾನಾಗಿಯೇ ಬಯಲಾಗುವುದು. ಐದು ಎಂಬ ಅಂಕೆಯ ಬದಲು ಆರು ಎಂಬ ಅಂಕೆಯನ್ನು ಬರೆದಿದ್ದರೆ ಅದನ್ನು ಹಿಡಿಯುವವರು ಯಾರು?

ಮೋಟಾರಿನ ಕೋಷ್ಟಕದಲ್ಲಿಯೂ ಹೀಗೆ ಛಂದಸ್ಸಿಗೆ ಕಟ್ಟುಬಿದ್ದ ಸಾಲುಗಳಿವೆ. ಎಂಜಿನ್ನಿನ ಸಿಲಿಂಡರೆಂಬುದು ಅಕ್ಕಿ ಅಳೆಯುವ ಸೇರಿನಂತಹ ದುಂಡನೆಯ ಪಾತ್ರೆ. ಸೇರಿನ ಬಾಯಿಯ ಅಗಲವೇ ವ್ಯಾಸ. ಇದನ್ನು ಮೇಸ್ತ್ರಿಗಳು ಬೋರ್ ಎನ್ನುವರು. ಅದರೊಳಗೆ ಪಿಸ್ಟನ್ನು ಮೇಲಿಂದ ಕೆಳಕ್ಕೆ ಚಲಿಸುವ ದೂರವೇ ನಡೆ, ಇದು ಸ್ಟ್ರೋಕು. ಬಾಯಿಯ ಕ್ಷೇತ್ರಫಲವನ್ನು ನಡೆಯಿಂದ ಗುಣಿಸಿ, ಎಷ್ಟು ಸಿಲಿಂಡರುಗಳಿವೆಯೋ ಅಷ್ಟರಿಂದ ಮತ್ತೆ ಗುಣಿಸಿದರೆ ಎಂಜಿನ್ನಿನ ಒಟ್ಟು ಹಿಡಿತವು, ಎಂದರೆ ಜನರು ಸಿ.ಸಿ. ಎಂದು ಹೇಳುವ ಘನ ಸೆಂಟಿಮೀಟರುಗಳ ಸಂಖ್ಯೆಯು ಬರಬೇಕು. ಬರಲೇಬೇಕು.

ವೃತ್ತದ ಕ್ಷೇತ್ರಫಲಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಭಾಸ್ಕರಾಚಾರ್ಯನು ೧೧೫೦ರ ಲೀಲಾವತಿಯಲ್ಲಿ ದಾರಿಯನ್ನು ತೋರಿಸಿದ್ದಾನೆ. ವ್ಯಾಸವನ್ನು ೩೯೨೭ರಿಂದ ಗುಣಿಸಿ ೧೨೫೦ರಿಂದ ಭಾಗಿಸಿದರೆ ಸೂಕ್ಷ್ಮವಾದ ಪರಿಧಿ. ೨೨ರಿಂದ ಗುಣಿಸಿ ೭ರಿಂದ ಭಾಗಿಸಿದರೆ ವ್ಯವಹಾರಕ್ಕೆ ಸಾಕಾಗುವ ಸ್ಥೂಲವಾದ ಪರಿಧಿ. ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ. ಮಾರುತಿ ೮೦೦ರ ಎಂಜಿನ್ನಿನ ವ್ಯಾಸ ೬೮.೫ ಮಿಲಿಮೀಟರು, ನಡೆ ೭೨ ಮಿಲಿಮೀಟರು, ಸಿಲಿಂಡರುಗಳು ಮೂರು. ಸೂಕ್ಷ್ಮಕ್ರಮದಲ್ಲಿ ಗುಣಿಸಿದರೆ ೭೯೬.೦, ತಯಾರಕರು ಹೇಳಿದುದು ೭೯೬. ಸ್ಥೂಲಕ್ರಮದಲ್ಲಿಯೂ ೭೯೬.೩ ಬಂದು, ಪೂರ್ಣಾಂಕದಲ್ಲಿ ಅದೇ ಉತ್ತರ. ಆದರೆ ಅಂಬಾಸಿಡರಿನ ಹಳೆಯ ಎಂಜಿನ್ನನ್ನು ಲೆಕ್ಕಹಾಕಿದಾಗ ನಮಗೆ ಒಂದು ಸಂತೋಷ ಕಾದಿದ್ದಿತು. ವ್ಯಾಸ ೭೩.೦೨೫ ಮಿಲಿಮೀಟರು, ನಡೆ ೮೮.೯ ಮಿಲಿಮೀಟರು, ಸಿಲಿಂಡರುಗಳು ನಾಲ್ಕು. ಸ್ಥೂಲಕ್ರಮದಲ್ಲಿ ೧೪೮೯.೯ ಬಂದು, ೧೪೯೦ ಎಂದು ಬರೆಯಬೇಕಾಗುತ್ತದೆ. ಸೂಕ್ಷ್ಮಕ್ರಮದಲ್ಲಿ ೧೪೮೯.೩, ಅಚ್ಚಾಗಿರುವುದೂ ೧೪೮೯. ಎಂಟುನೂರು ವರ್ಷಗಳ ಹಿಂದೆ ಆಚಾರ್ಯನು ಸ್ಥೂಲಸೂಕ್ಷ್ಮಗಳೆಂದು ಮಾಡಿದ ಭೇದವು ಉತ್ತರಪಾರಾದ ಕಾರ್ಖಾನೆಯ ಮೋಟಾರಿನಲ್ಲಿ ಒಂದು ಘನ ಸೆಂಟಿಮೀಟರಾಗಿ ಕಾಣಿಸಿಕೊಂಡಿತು!

ಈಗ ಶಿಷ್ಯನ ಪತ್ರಿಕೆ. ವ್ಯಾಸ ೮೦, ನಡೆ ೭೨, ಸಿಲಿಂಡರು ನಾಲ್ಕು, ಹಿಡಿತ ೧೩೦೩ ಎಂದು ಅಚ್ಚಾಗಿದ್ದಿತು. ಗುಣಿಸಿದೆವು, ೧೪೪೮ ಬಂದಿತು. ಸ್ಲೇಟನ್ನು ಒರಸಿ ಮತ್ತೊಮ್ಮೆ ಗುಣಿಸಿದೆವು, ಮತ್ತೆ ೧೪೪೮. ನಮ್ಮ ಮನೆಯವರು ಕಾಫಿಯ ಲೋಟಗಳನ್ನು ಇಟ್ಟು, ಸ್ಲೇಟನ್ನು ನೋಡಿ, “ಅಗಲ ಯಾವುದು, ಉದ್ದ ಯಾವುದು ಅಂತ ಅವರಿಗೇ ಗೊತ್ತಿದೆಯೋ ಇಲ್ಲವೋ” ಎಂದರು. ಅದು ಪರಿಹಾಸ್ಯವಾಗಿದ್ದರೂ ದಾರಿ ತೋರಿಸಿತು. ೭೨ನ್ನು ವ್ಯಾಸವಾಗಿಯೂ ೮೦ನ್ನು ನಡೆಯಾಗಿಯೂ ಇಟ್ಟು ಗುಣಿಸಿದಾಗ ೧೩೦೩ ಸರಿಯಾಗಿ ಬಂದಿತು. ವ್ಯಾಸ ಎರಡು ಸಲ ಗುಣಿತವಾಗುವುದು, ನಡೆ ಒಂದೇ ಸಲ. ಅಂಕೆಗಳು ಅದಲುಬದಲಾದರೆ ಲೆಕ್ಕವು ಮುರಿದುಬೀಳುತ್ತದೆ. ಇದರಿಂದ ಗಾಡಿಗೆ ಹಾನಿಯಿಲ್ಲ. ಆದರೆ ಒಂದು ಸಾಲಿನಲ್ಲಿ ಇಷ್ಟು ಅಲಕ್ಷ್ಯದಿಂದ ತಯಾರಾದ ಕೋಷ್ಟಕದ ಇನ್ನೊಂದು ಸಾಲನ್ನು ನಂಬಿ ಹೆಂಡತಿಯ ಸರವನ್ನು ಅಡವಿಡುವುದು ಹೇಗೆ?

ಅಚ್ಚಿನ ಅಂಕೆ ವಸ್ತುವಿಗೆ ಹೊಂದದಿರುವುದು ಸಣ್ಣವರಲ್ಲಿ ಮಾತ್ರ ಎಂದು ತಿಳಿಯಬಾರದು. ಅಮೆರಿಕದ ಫೋರ್ಡ್ ಸಂಸ್ಥೆಯವರ ಮಸ್ಟಾಂಗ್ ಮೋಟಾರಿನ ಮೇಲೆ ವರ್ಷಗಟ್ಟಲೆ ‘೫.೦’ ಎಂಬ ಲೋಹದ ಅಂಕೆ ಮೆರೆಯಿತು. ಎಂಜಿನ್ನಿನ ವ್ಯಾಸ ನಾಲ್ಕು ಅಂಗುಲ, ನಡೆ ಮೂರು ಅಂಗುಲ, ಸಿಲಿಂಡರು ಎಂಟು. ಗುಣಿಸಿದರೆ ೪,೯೪೨ ಘನ ಸೆಂಟಿಮೀಟರು, ಎಂದರೆ ೪.೯ ಲೀಟರು. ಇದು ಅಜ್ಞಾನದ ತಪ್ಪಲ್ಲ. ಐದು ಎಂಬುದು ಕಿವಿಗೆ ಇಂಪು. ಇನ್ನೊಂದು ಪ್ರಸಂಗ ಇದಕ್ಕಿಂತ ಭಾರಿಯಾದುದು. ೨೦೧೨ರ ನವೆಂಬರಿನಲ್ಲಿ ಹ್ಯುಂಡೈ ಮತ್ತು ಕಿಯಾ ಸಂಸ್ಥೆಗಳು ಅಮೆರಿಕದಲ್ಲಿ ಮಾರಿದ ಸುಮಾರು ಒಂಬತ್ತು ಲಕ್ಷ ಮೋಟಾರುಗಳ ಇಂಧನದ ಅಂಕೆಗಳು ವಾಸ್ತವಕ್ಕಿಂತ ಹೆಚ್ಚಾಗಿ ಅಚ್ಚಾಗಿದ್ದುವೆಂದು ಒಪ್ಪಿಕೊಂಡವು. ಪರೀಕ್ಷೆಯ ಕ್ರಮದಲ್ಲಿ ಆದ ತಪ್ಪೆಂದು ಹೇಳಿಕೊಂಡವು. ಕೊಂಡವರಿಗೆ ಪರಿಹಾರ ಕೊಟ್ಟುದಲ್ಲದೆ, ೨೦೧೪ರಲ್ಲಿ ಅಲ್ಲಿಯ ಸರ್ಕಾರಕ್ಕೆ ಹತ್ತು ಕೋಟಿ ಡಾಲರು ದಂಡವನ್ನು ತೆರಲು ಒಪ್ಪಿದವು.

ಇಂಧನದ ಅಂಕೆಯು ನಾವು ಮೊದಲು ಹೇಳಿದ ಒಂಟಿ ಜಾತಿಯದು. ನಮ್ಮ ದೇಶದಲ್ಲಿ ಅದನ್ನು ಪ್ರಯೋಗಶಾಲೆಯ ಉರುಳೆಗಳ ಮೇಲೆ ಗಾಡಿಯನ್ನು ಓಡಿಸಿ ಅಳೆಯುತ್ತಾರೆ. ಅಲ್ಲಿ ಬೆಟ್ಟವೂ ಇಲ್ಲ, ಅದುರಿನ ಲಾರಿಗಳ ಸಾಲೂ ಇಲ್ಲ. ಒಂದು ಗಾಡಿಯನ್ನು ಇನ್ನೊಂದಕ್ಕೆ ಹೋಲಿಸಲು ಆ ಅಂಕೆ ಉಪಯುಕ್ತ. ತಿಂಗಳ ಖರ್ಚನ್ನು ಗೊತ್ತುಮಾಡಲು ಅಲ್ಲ. ನೆಲಕ್ಕೂ ಗಾಡಿಯ ಹೊಟ್ಟೆಗೂ ಇರುವ ಅಂತರದ ಅಂಕೆಯೂ ಇಂತಹುದೇ. ಖಾಲಿ ಗಾಡಿಯಲ್ಲಿ ಅಳೆದರೊ, ಜನ ಕುಳಿತ ಗಾಡಿಯಲ್ಲಿ ಅಳೆದರೊ ಎಂಬುದನ್ನು ಅನೇಕ ಪತ್ರಿಕೆಗಳು ಹೇಳುವುದೇ ಇಲ್ಲ. ಈ ಗೊಂದಲ ತೆರಿಗೆಯವರೆಗೂ ಹೋಗಿದ್ದಿತು. ೧೭೦ ಮಿಲಿಮೀಟರು ಮತ್ತು ಅದಕ್ಕೂ ಮೀರಿದ ಅಂತರವುಳ್ಳ ದೊಡ್ಡ ಗಾಡಿಗಳಿಗೆ ಹೆಚ್ಚಿನ ಕರವಿದ್ದ ಕಾಲದಲ್ಲಿ, ಆ ಅಂತರವನ್ನು ಖಾಲಿ ಗಾಡಿಯಲ್ಲಿಯೇ ಅಳೆಯಬೇಕೆಂದು ೨೦೨೩ರ ಜುಲೈ ತಿಂಗಳಿನಲ್ಲಿ ಜಿ.ಎಸ್.ಟಿ. ಮಂಡಲಿಯು ಸ್ಪಷ್ಟಪಡಿಸಬೇಕಾಯಿತು. ನಮ್ಮ ಸಲಹೆ ಇಷ್ಟೆ: ಮನೆಯವರನ್ನೆಲ್ಲ ಗಾಡಿಯಲ್ಲಿ ಕೂರಿಸಿ, ದರ್ಜಿಯ ಟೇಪನ್ನು ಹಿಡಿದು ನೀವೇ ಅಳೆಯಿರಿ. ಅಂಗಡಿಯವರು ನಕ್ಕರೆ ನಗಲಿ.

ಮೋಟಾರುಗಳ ಹಿಡಿತವು ೧೧೯೭, ೧೧೯೯ ಎಂದೂ ಉದ್ದವು ೩೯೯೫ ಮಿಲಿಮೀಟರೆಂದೂ ಮತ್ತೆ ಮತ್ತೆ ಏಕೆ ಕಾಣಿಸುತ್ತದೆಂದು ಕೆಲವರು ನಮ್ಮನ್ನು ಕೇಳಿದ್ದಾರೆ. ೨೦೦೬ರ ಮುಂಗಡಪತ್ರದಲ್ಲಿ ಕೇಂದ್ರಸರ್ಕಾರವು ನಾಲ್ಕು ಮೀಟರಿಗೆ ಮೀರದ, ಪೆಟ್ರೋಲಿನದಾದರೆ ೧೨೦೦ ಘನ ಸೆಂಟಿಮೀಟರಿಗೆ ಮೀರದ ಸಣ್ಣ ಮೋಟಾರುಗಳಿಗೆ ಕರವನ್ನು ಇಳಿಸಿತು. ಅಂದಿನಿಂದ ತಯಾರಕರು ಗೆರೆಯ ಒಳಗೆ ಕಾಲೂರಲು ಗಾಡಿಯ ಮೂಗು ಬಾಲಗಳನ್ನು ಮೊಟಕುಮಾಡಿದರು. ೨೦೨೫ರ ಸೆಪ್ಟೆಂಬರ್ ೨೨ರಿಂದ ಈ ಗೆರೆಯ ಒಳಗಿನವಕ್ಕೆ ನೂರಕ್ಕೆ ೧೮, ಹೊರಗಿನ ಪೆಟ್ರೋಲು ಮೋಟಾರುಗಳಿಗೆ ೪೦ ಎಂದಾಗಿದೆ. ಅಂಕೆಯೊಂದು ಆಚೀಚೆಯಾದರೆ ಲಕ್ಷಗಳ ಮಾತು.

ಇನ್ನು ಉಳಿದುದು ಹೊಸಪೇಟೆಯ ಪ್ರಯಾಣ. ಮರುದಿನವೇ ಶಿಷ್ಯನೊಡನೆ ಬಸ್ಸು ಹತ್ತಿದೆವು. ಮಾರಾಟದ ಮಳಿಗೆಯಲ್ಲಿ ಆ ಗಾಡಿಯು ಹೂವಿನ ಹಾರವನ್ನು ಧರಿಸಿ ಗಾಜಿನ ಒಳಗೆ ನಿಂತಿದ್ದಿತು. ಅಲ್ಲಿದ್ದ ತರುಣನಿಗೆ ಪತ್ರಿಕೆಯ ಸಾಲನ್ನು ತೋರಿಸಿ, “ಇದು ನಿಜವೇನಪ್ಪಾ?” ಎಂದು ಕೇಳಿದೆವು. “ಅದರಲ್ಲಿ ಬರೆದಿದ್ದರೆ ನಿಜವೇ ಸಾರ್” ಎಂದನು. ಆ ಉತ್ತರದಲ್ಲಿ ಕಪಟವಿರಲಿಲ್ಲ. ಅವನೂ ನಮ್ಮಂತೆ ಅಚ್ಚನ್ನು ನಂಬಿದವನೇ. ಆಗ ನಾವು ಹೆಗಲ ಮೇಲಿನ ಟವೆಲನ್ನು ನೆಲಕ್ಕೆ ಹಾಸಿ, ಕನ್ನಡಕವನ್ನು ಸರಿಮಾಡಿಕೊಂಡು, ಗಾಡಿಯ ಕೆಳಗೆ ತಲೆಯಿಟ್ಟು ಮಲಗಿದೆವು. ಅರುವತ್ತರ ವಯಸ್ಸಿನಲ್ಲಿ ಇದು ಶೋಭಿಸುವ ಭಂಗಿಯಲ್ಲವೆಂಬುದನ್ನು ಬಲ್ಲೆವು. ಮಳಿಗೆಯಲ್ಲಿದ್ದವರು ಸುತ್ತ ಸೇರಿದರು. ನಮಗೆ ಏನಾದರೂ ಆಯಿತೆಂದು ಒಬ್ಬರು ನೀರನ್ನೂ ತಂದರು.

ಕೆಳಗೆ ಹೊಗೆಯ ಕೊಳವೆ ಇದ್ದಿತು. ಮುಂದಿನಿಂದ ಹಿಂದಿನ ಅಚ್ಚಿಗೆ ಹೋಗಬೇಕಾದ ದಂಡ ಇರಲಿಲ್ಲ. ಹಿಂದಿನ ಗಾಲಿಗಳ ನಡುವೆ, ಟ್ಯಾಕ್ಸಿಯವರು ಕ್ರೌನು ಎಂದು ಹೇಳುವ ಹಲ್ಲುಗಾಲಿಯನ್ನು ಅಡಗಿಸಿಟ್ಟ ಆ ದುಂಡನೆಯ ಉಬ್ಬೂ ಇರಲಿಲ್ಲ. ಶಿಷ್ಯನೂ ಪಕ್ಕದಲ್ಲಿ ಮಲಗಿ ನೋಡಿದನು. ಆತ ಏನೂ ಮಾತಾಡಲಿಲ್ಲ.

ವ್ಯವಸ್ಥಾಪಕರು ಬಂದು ವಿಚಾರಿಸಿ, ದೂರವಾಣಿಯಲ್ಲಿ ಯಾರೊಡನೆಯೋ ಮಾತನಾಡಿ, ಸಂಗತಿಯನ್ನು ತಿಳಿಸಿದರು. ಅದೇ ಹೆಸರಿನ ಹಳೆಯ ಗಾಡಿಯಲ್ಲಿ ಹಿಂದಿನ ಗಾಲಿಯ ಚಾಲನೆ ಇದ್ದುದು ನಿಜ. ಹೊಸದರಲ್ಲಿ ಮೈಕಟ್ಟೇ ಬದಲಾಗಿ, ಎಂಜಿನ್ನು ಅಡ್ಡಲಾಗಿ ತಿರುಗಿ, ಚಾಲನೆಯು ಮುಂದಕ್ಕೆ ಬಂದಿದೆ. ಹಳೆಯ ಕೋಷ್ಟಕದ ಒಂದು ಸಾಲು ಹೊಸ ಪತ್ರಿಕೆಯಲ್ಲಿ ಹಾಗೆಯೇ ಉಳಿದುಹೋಗಿದೆ. “ಪ್ರಿಂಟಿಂಗ್ ಮಿಸ್ಟೇಕು ಸಾರ್” ಎಂದರು. ಹೆಸರನ್ನು ಉಳಿಸಿಕೊಂಡು ಕ್ರಮವನ್ನು ಬದಲಿಸುವುದು ತಪ್ಪಲ್ಲ. ಟೊಯೋಟಾ ಸಂಸ್ಥೆಯವರು ಬಿಡದಿಯಲ್ಲಿ ತಯಾರಿಸುವ ಇನ್ನೋವಾ ೨೦೦೫ರಿಂದಲೂ ಹಿಂದಿನ ಗಾಲಿಯದು. ೨೦೨೨ರಲ್ಲಿ ಅದೇ ಹೆಸರಿಗೆ ಹೈಕ್ರಾಸ್ ಎಂಬ ಬಾಲವನ್ನು ಸೇರಿಸಿ ತಂದುದು ಮುಂದಿನ ಗಾಲಿಯದು. ಅವರು ಬಾಲವನ್ನಾದರೂ ಸೇರಿಸಿದರು. ನಾವು ನೋಡಲು ಹೋದ ಗಾಡಿಗೆ ಅದೂ ಇರಲಿಲ್ಲ.

ಪತ್ರಿಕೆಯ ಅಡಿಯಲ್ಲಿ, ವಿವರಗಳನ್ನು ಪೂರ್ವಸೂಚನೆಯಿಲ್ಲದೆ ಬದಲಾಯಿಸುವ ಅಧಿಕಾರವು ಸಂಸ್ಥೆಗೆ ಇದೆಯೆಂದು ಬರೆದುದನ್ನು ವ್ಯವಸ್ಥಾಪಕರು ತೋರಿಸಿದರು. ವಿವರವನ್ನು ಬದಲಾಯಿಸುವುದು ಬೇರೆ, ಬದಲಾದುದನ್ನು ಹೇಳದೆ ಹಳೆಯದನ್ನೇ ಅಚ್ಚುಮಾಡಿ ಹಂಚುವುದು ಬೇರೆ ಎಂದು ನಾವು ವಿನಯದಿಂದಲೇ ಹೇಳಿದೆವು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡವನ್ನು ವಿಧಿಸಲು ಅವಕಾಶ ಕೊಟ್ಟಿದೆ. ೧೯೧೫ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಗ್ರಾಹಕರ ದೂರನ್ನು ಬರೆದುಕೊಳ್ಳುತ್ತಾರೆ. ಇದನ್ನು ಜ್ಞಾಪಿಸಿದ ಮೇಲೆ ಅವರ ಧ್ವನಿ ಮೆತ್ತಗಾಯಿತು. ಸಂಸ್ಥೆಗೆ ನಾವೇ ಒಂದು ಪತ್ರವನ್ನು ಬರೆದುಕೊಟ್ಟೆವು. ಲೆಕ್ಕವನ್ನೂ ಅದರೊಳಗೆ ವಿವರಿಸಿದೆವು. ಐದು ವಾರದ ನಂತರ ಮುಂಗಡದಲ್ಲಿ ಇಪ್ಪತ್ತು ಸಾವಿರವು ಹಿಂದಕ್ಕೆ ಬಂದಿತು. ಉಳಿದ ಐದು ಸಾವಿರವು ನೋಂದಣಿಯ ಖರ್ಚಿಗೆ ಸಂದಿತೆಂದು ಹೇಳಿದರು. ಅದಕ್ಕಾಗಿ ಆಯೋಗದ ಮೆಟ್ಟಿಲು ಹತ್ತೋಣವೆಂದು ನಾವು ಹೇಳಿದೆವು. “ಬಳ್ಳಾರಿಗೆ ನಾಕು ಸಲ ಹೋಗಿಬರೋದ್ರಾಗೆ ಅಷ್ಟು ದುಡಿಮೆ ಹೋಗತೈತೆ, ಬಿಡ್ರಿ ಸಾರ್” ಎಂದನು ಶಿಷ್ಯ. ಅವನ ಲೆಕ್ಕವೂ ಸರಿಯಾಗಿಯೇ ಇದ್ದುದರಿಂದ ನಾವು ಮರುಮಾತಾಡಲಿಲ್ಲ.

ಆತ ಕಡೆಗೆ ಬೇರೆಯವರಿಂದ ಆರು ವರ್ಷ ಹಳೆಯದಾದ, ಕೆಳಗೆ ದಂಡವುಳ್ಳ ಗಾಡಿಯನ್ನು ಕೊಂಡನು. ಸಾಲವು ಅರ್ಧಕ್ಕಿಳಿಯಿತು, ಸರವು ಮೊನ್ನೆಯ ದೀಪಾವಳಿಗೆ ಮನೆಗೆ ಬಂದಿದೆ. ಕಾರ್ತಿಕದಲ್ಲಿ ನಮ್ಮನ್ನೂ ನಮ್ಮ ಮನೆಯವರನ್ನೂ ಬೆಟ್ಟಕ್ಕೆ ಕರೆದೊಯ್ದನು. ಹಿಂದಿನ ಆಸನದ ನಡುವೆ ದಿಣ್ಣೆ ಇದ್ದೇ ಇದೆ. ಅಲ್ಲಿ ಕುಳಿತವಳು ಅವನ ಕಿರಿಯ ಮಗಳು.

ಮೊನ್ನೆ ಹೊಸಪೇಟೆಗೆ ಹೋದಾಗ ಆ ಮಳಿಗೆಯ ಮುಂದೆ ಹಾದುಹೋಗಬೇಕಾಯಿತು. ಒಳಗೆ ಹೋಗಿ ಹೊಸದಾಗಿ ಅಚ್ಚಾದ ಪತ್ರಿಕೆಯೊಂದನ್ನು ಕೇಳಿ ಪಡೆದೆವು. ತರುಣನು ಗುರುತು ಹಿಡಿದು ಕುರ್ಚಿ ಕೊಟ್ಟನು. ಗಾಲಿಯ ಸಾಲನ್ನು ತಿದ್ದಿದ್ದಾರೆ. ಕನ್ನಡದ ಹಾಳೆಯಲ್ಲಿಯೂ ಎಂಜಿನ್ನು ಈಗ ಅಡ್ಡಲಾಗಿದೆ. ವ್ಯಾಸ ಮಾತ್ರ ಇನ್ನೂ ೮೦, ನಡೆ ೭೨.